ನಲವತ್ತೆಂಟು ಕಿಲೋದಾಗ

ತೂಕದ ಯಂತ್ರದ ಮ್ಯಾಲ ನಿಂತಾಗ
ನಲವತ್ತೆಂಟರ ಮ್ಯಾಲ ನೂರೈವತ್ತು ಗ್ರಾಂ ಇದ್ದೆ.
ಕಿವಿಯಾಗಿನ ಓಲೆ ತೆಗದೆ, ಬಳಿ ತೆಗದೆ,
ಕೂದಲ ಪಿನ್ನ ಒಂದೊಂದ ಕಿತ್ತು ಗೆಳತಿ ಕೈಯಾಗ ಇಟ್ಟೆ.
ಆಮ್ಯಾಲ ಸ್ವೆಟರ್ ಮ್ಯಾಲ ಸ್ವೆಟರ್ ಹಾಕ್ಕೊಂಡು
ಅಕ್ಟೋಬರ್ ಬಿಸಲಾಗ ಸ್ಟೇಡಿಯಮ್ಮಿಗೆ ಹನ್ನೆರಡು ಸುತ್ತ.
ಬೆವರು ಹೋತು, ಉಗುಳು ಹೋತು.
ಸರ್ ಕನ್ನಡಕ ಏರಿಸಿ ನೋಡಿ ಅಂದ್ರು,
"ಪಾಸ್. ಇನ್ನ ಬಾಳೆಹಣ್ಣು ತಿನ್ನು ಹೋಗು."

ನಮ್ಮಪ್ಪ ಗಾದಿ ಹೊಲಿಯಾಂವ. ನದಾಫ.
ಎಂಟು ತಿಂಗಳ ಹಿಂದ ಕೋಚ್
"ಮೊದಲ ಬೀಳೂದು ಕಲೀಬೇಕು" ಅಂದಾಗ
ಹಳೇ ಹತ್ತಿ ಹಿಂಜಿ, ಹರಕ ತಾಡಪತ್ರಿ ಹೊದಿಸಿ
ಮಾಳಗಿ ಮ್ಯಾಲ ಹಾಸಿ ಕೊಟ್ಟ.
"ಮಂದಿ ಮಲಗಾಕ ಮಾಡೀನಿ ಜಗ್ಗ,
ಬೀಳಾಕ ಮಾಡಿದ್ದು ಇದೊಂದ."
ಬಿದ್ದೆ. ಬೆನ್ನ ಮ್ಯಾಲ, ಬಗಲ ಮ್ಯಾಲ,
ಕೆಳಗ ಮಾಡದಾಗಿನ ಡಬ್ಬಿ ಅಲುಗೂವಂಗ.
ಅವ್ವ ಹಿಟ್ಟು ನಾದಕೋತ ಲೆಕ್ಕ ಇಡತಿದ್ಲು.
"ಇವತ್ತ ನಲವತ್ತಾರು ಸಲ," ಅಂತಿದ್ಲು ಊಟಕ್ಕ ಕುಂತಾಗ.
ಬೈಗಳೋ ಹೊಗಳಿಕಿಯೋ ತಿಳೀತಿರಲಿಲ್ಲ.

ವಿಭಾಗ ಮಟ್ಟದ ಕ್ರೀಡಾಕೂಟ, ವುಶು, ಹೆಣ್ಮಕ್ಕಳ ಸಾಂಡಾ.
ಚೀಟಿಯೊಳಗ ನನ್ನ ಹೆಸರಿನ ಮುಂದ ಅಕಿ ಹೆಸರು:
ವೈಜಂತಾ ಕಾಂಬಳೆ, ನಿಪ್ಪಾಣಿ.
ನಾ ಕೆಂಪು, ಅಕಿ ಕಪ್ಪು.
ನಮ್ಮ ತೂಕಕ್ಕ ನಾವಿಬ್ಬರ.
ಅಕಿನ್ನ ಎಂದೂ ನೋಡಿರಲಿಲ್ಲ. ಕೋಚ್ ಹೇಳಿದ್ರು,
"ಬಲಗಾಲು ಬಾಜೂಕಿಂದ ಬರತೈತಿ, ಚಾಟಿಯಂಗ. ಅದನ್ನ ಹಿಡಿ."
ರಾತ್ರಿ ಕಣ್ಣ ಮುಚ್ಚಿದ್ರ ಆ ಕಾಲು ಬರತಿತ್ತು.
ಮಾರಿ ಇಲ್ಲ. ಬರೇ ಕಾಲು.
ತೂಕಕ್ಕ ಅಕಿ ಬರಲಿಲ್ಲ.
"ಬಸ್ಸಿನ್ಯಾಗ ಅದಾಳಂತ, ಪಾಳಿ ತನಕ ಕಾಯೂಣು," ಅಂದ್ರು.

ಮೂರಕ್ಕ ನಮ್ಮ ಪಾಳಿ.
ಮೈಕಿನಾಂವ ಕೂಗಿದ, ಒಮ್ಮೆ,
ಹೊಳ್ಳಿ ಒಮ್ಮೆ.
ಮೂರನೇ ಸಲ ಅಡ್ಡಹೆಸರ ಬಿಟ್ಟು ಬರೇ ವೈಜಂತಾ ಅಂದ,
ಮನಿ ಹುಡುಗಿನ್ನ ಊಟಕ್ಕ ಕರದಂಗ.
ಈ ಊರಾಗ ಒಂದ ಮಾತಾಡಿದ್ರ
ಏಳು ಮಾತು ಹೊಳ್ಳಿ ಬರೂ ಗುಮ್ಮಟ ಐತಿ.
ಇಲ್ಲಿ ತಗಡಿನ ಕೆಳಗ ಪಾರಿವಾಳ ಎದ್ದು ಕುಂತ್ವು, ಅಷ್ಟ.

ನಿಯಮ ಅಂದ್ರ ನಿಯಮ.
ಮುಷ್ಟಿ ಅಂಗೈಗೆ ಹಚ್ಚಿ
ಖಾಲಿ ಮೂಲಿಗೆ ತಲಿ ಬಾಗಿಸಿದೆ.
ರೆಫರಿ ನನ್ನ ಕೈ ಎತ್ತಿದ್ರು.
ಗ್ಲೌಸಿನ ಒಳಗ ಇನ್ನೂ ಬೆವರ ಸೈತ ಬಂದಿರಲಿಲ್ಲ.
ಅಪ್ಪ ಚಪ್ಪಾಳಿ ಹೊಡೀಲಿಲ್ಲ.
ಹತ್ತಿ ಕಮ್ಮಿ ಬಿದ್ದ ಗಾದಿ ಒತ್ತಿ ನೋಡಿದಂಗ
ಚಿನ್ನದ ಪದಕಾ ಎರಡು ಬೆರಳಾಗ ಒತ್ತಿ ನೋಡಿದ.
ಅವ್ವ ಫೋನಿನ್ಯಾಗ ಕೇಳಿದ್ಲು, "ಎಷ್ಟು ಸಲ ಬಿದ್ದಿ?"
ನಾ ಏನ ಹೇಳಲಿ.

ಐದೂವರಿಗೆ ಬಂದ್ಲು.
ತೆಲಸಂಗದ ಹಂತ್ಯಾಕ ಬಸ್ಸು ಕೆಟ್ಟು,
ದ್ರಾಕ್ಷಿಗೆ ಔಷಧ ಹೊಡೆಯೂ ಟ್ರ್ಯಾಕ್ಟರ್ ಹತ್ತಿ,
ಮತ್ತೊಂದು ಬಸ್ಸಿನ ಬಾಗಲದಾಗ ನಿಂತು.
ಗೇಟಿನ್ಯಾಗ ಇಳದಾಕಿ
ಮೌತ್‌ಗಾರ್ಡ್ ಹಾಕ್ಕೊಂಡ ಓಡಿ ಬಂದಿದ್ಲು.
ಏನ ಕೇಳಾಕತ್ಯಾಳ ಯಾರಿಗೂ ತಿಳೀಲಿಲ್ಲ.
ಮ್ಯಾಟ್ ಸುತ್ತಿ ಟೆಂಪೋಕ ಹೇರತಿದ್ರು.
"ಪುಸ್ತಕ ಮುಚ್ಚೇತವಾ," ಅಂದ್ರು ಸರ್, ನೆಲಾ ನೋಡಿಕೋತ.

ಪದಕಾ ಅಪ್ಪನ ಕಿಸೆದಾಗ ಹಾಕಿ ನಾನ ಹೋದೆ.
"ನಲವತ್ತೆಂಟು?"
ಮೌತ್‌ಗಾರ್ಡ್ ತೆಗದ್ಲು. "ನಲವತ್ತೇಳೂವರಿ.
ನಿನ್ನಿಯಿಂದ ಉಪಾಸ."
ಅಪ್ಪ ಬುತ್ತಿ ಬಿಚ್ಚಾಕ ಹೋದ.
"ತಡೀರಿ ಕಾಕಾ," ಅಂದ್ಲು, "ಆಮ್ಯಾಲ."

ಉದ್ದಜಿಗಿತದ ಉಸುಕಿನ ಗುಂಡಿ.
ಒಂದ ಜೋಡಿ ಗ್ಲೌಸ್, ಎಡದ್ದು ಅಕಿಗೆ, ಬಲದ್ದು ನನಗ.
ಮುಷ್ಟಿ, ಅಂಗೈ.
ಬಂತು ಕಾಲು.
ಎಂಟು ತಿಂಗಳ ಕಾದದ್ದು ಬಲಗಾಲಿಗೆ,
ಬಂದದ್ದು ಎಡಗಾಲು.
ಬಗಲಾಗ ಹಿಡದೆ ಅನ್ನೂದರಾಗ ಮುಗಲ ತಿರಗಿತ್ತು,
ಹಲ್ಲಾಗ ಉಸುಕು.
ಅಪ್ಪ ಕಟ್ಟಿ ಮ್ಯಾಲಿಂದ ಬಗ್ಗಿ, ಒಂದು ಹಿಡಿ ಉಸುಕು ಹಿಚುಕಿ,
"ಇದೂ ಚಲೋ ಗಾದೀನ" ಅಂದ.

ವಾಚಮನ್ ಬ್ಯಾಟರಿ ಬಿಡೂತನ ಬಿಡಲಿಲ್ಲ.

ಐದು, ಅವ್ವಾ.
ಅಕಿ ಎಷ್ಟು ಬಿದ್ಲೋ
ಅಕಿ ಅವ್ವ ಎಣಿಸಲಿ.